ಸೈಲೆನ್ಸರ್ ಬದಲಿಸಿದರೆ ಮುಗಿಯಿತೆ?

(ಯುವಕರ ಭಾನುವಾರದ ಕೂಟದಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳ ಬರಹರೂಪ)



ನಾನು ಭಾಷಣಕಾರನಲ್ಲ, ಇಂಜಿನಿಯರೂ ಅಲ್ಲ. ಪಿಯುಸಿ ಮುಗಿಸಿ ಅಪ್ಪನ ಪ್ರೆಸ್ಸಿನಲ್ಲಿ ಕೂತವನು. ಚಾಮರಾಜಪೇಟೆಯಲ್ಲಿ ಲಗ್ನಪತ್ರಿಕೆ, ಬಿಲ್ ಬುಕ್ಕು, ಕರಪತ್ರ ಅಚ್ಚು ಹಾಕಿ ಬದುಕುವವನು. ಈ ಪತ್ರಿಕೆಯ ಗೆಳೆಯರು "ಬೈಕಿನ ಬಗ್ಗೆ ನಾಲ್ಕು ಮಾತಾಡಿ" ಎಂದಾಗ ಹಿಂಜರಿದೆ. ಆದರೆ ನಮ್ಮ ಪ್ರೆಸ್ಸಿನ ಹುಡುಗನಿಗೆ ಆದದ್ದು ಇಲ್ಲಿ ಕೂತಿರುವ ಇನ್ನೊಬ್ಬನಿಗೆ ಆಗಬಾರದು ಎಂದು ಒಪ್ಪಿಕೊಂಡೆ. ಅವನ ಅನುಮತಿ ಕೇಳಿಯೇ ಹೇಳುತ್ತಿದ್ದೇನೆ. ಹೆಸರು ಬೇಡ ಎಂದಿದ್ದಾನೆ.

ಹುಡುಗ ನಮ್ಮಲ್ಲಿ ಡಿಟಿಪಿ ಮಾಡುತ್ತಾನೆ. ವಯಸ್ಸು ಇಪ್ಪತ್ತಮೂರು. ಅಮ್ಮ ಕಟ್ಟಿದ ಚೀಟಿ ದುಡ್ಡು, ತನ್ನ ಎರಡು ವರ್ಷದ ಉಳಿತಾಯ ಸೇರಿಸಿ ಸೆಕೆಂಡ್ ಹ್ಯಾಂಡ್ ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ ಕೊಂಡ. ಒಳ್ಳೆಯ ಗಾಡಿ. ಅಷ್ಟಕ್ಕೆ ಸುಮ್ಮನಿರಲಿಲ್ಲ. ಒಂದು ಗ್ಯಾರೇಜಿನಲ್ಲಿ ಪೂರ್ತಿ ಹೊಸ ಹೊಗೆಕೊಳವೆ, ಗಾಳಿ ಧಾರಾಳವಾಗಿ ಬಿಡುವ ಫಿಲ್ಟರು, ದೊಡ್ಡ ಪಿಸ್ಟನ್ನು ಹಾಕಿಸಿದ. ಗ್ಯಾರೇಜಿನವರು ಸೀಟಿನ ಕೆಳಗೆ ಒಂದು ಡಬ್ಬಿ ಕೂರಿಸಿ, "ಮ್ಯಾಪ್ ಲೋಡ್ ಆಗಿದೆ, ಹೊಡಿ" ಎಂದರು. ಕೈಗೆ ಒಂದು ಗ್ರಾಫಿನ ಕಾಗದ ಕೊಟ್ಟರು. ಎಲ್ಲವೂ ಇಂಗ್ಲಿಷಿನಲ್ಲಿ. ಏನು ಎಂದು ಕೇಳಲು ಇವನಿಗೆ ನಾಚಿಕೆ. ಸುತ್ತ ನಿಂತವರೆಲ್ಲ ತಲೆಯಾಡಿಸುತ್ತಿದ್ದರು, ಇವನೂ ತಲೆಯಾಡಿಸಿದ.

ಮೂರನೇ ವಾರ ತುಮಕೂರು ರಸ್ತೆಯಲ್ಲಿ ಐದಾರು ಕಿಲೋಮೀಟರು ಪೂರ್ತಿ ಆಕ್ಸಿಲರೇಟರ್ ಕೊಟ್ಟು ಓಡಿಸಿದ್ದಾನೆ. ಗಾಡಿ ಒಮ್ಮೆ ಕೆಮ್ಮಿತು, ಹಿಂದಿನ ಚಕ್ರ ಅರೆಗಳಿಗೆ ಹಿಡಿದುಕೊಂಡಿತು. ಕ್ಲಚ್ ಹಿಡಿದದ್ದರಿಂದ ಹುಡುಗ ಉಳಿದ. ಹಿಂದೆ ಲಾರಿ ಇತ್ತು.

ಇಂಜಿನ್ ಬಿಚ್ಚಿಸಿದಾಗ ನಾನೂ ಇದ್ದೆ. ಎಡಗಡೆಯ ಪಿಸ್ಟನ್ನಿನ ಅಂಚು ಮೇಣದ ಹಾಗೆ ಕರಗಿತ್ತು. ಪ್ಲಗ್ಗು ಸುಣ್ಣದಷ್ಟು ಬಿಳಿ, ಅದರ ಮೇಲೆ ಸಾಸಿವೆಗಿಂತ ಸಣ್ಣ ಅಲ್ಯೂಮಿನಿಯಂ ಹನಿಗಳು. ಗ್ಯಾರೇಜಿನವರು ಹೇಳಿದ್ದು ಒಂದೇ ಮಾತು: "ನೀನು ಓಡಿಸಿದ ರೀತಿ ಸರಿಯಿಲ್ಲ." ರಿಪೇರಿಗೆ ಎಪ್ಪತ್ತು ಸಾವಿರ ಹೋಯಿತು.

ಓಡಿಸಿದ ರೀತಿಯಿಂದ ಕರಗಿತೋ, ಮಾಡಿದ ಕೆಲಸದಿಂದ ಕರಗಿತೋ? ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ನಾವಿಬ್ಬರೂ ಎಂಟು ತಿಂಗಳು ಕಲಿತದ್ದನ್ನೇ ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ಮಸಿ ಮತ್ತು ನೀರು

ಆಫ್‌ಸೆಟ್ ಯಂತ್ರ ನೋಡಿದವರಿಗೆ ಗೊತ್ತು. ಪ್ಲೇಟಿನ ಮೇಲೆ ಮಸಿಯೂ ಓಡಬೇಕು, ನೀರೂ ಓಡಬೇಕು. ನೀರು ಕಮ್ಮಿಯಾದರೆ ಹಾಳೆಯೆಲ್ಲ ಮಸಿ ಬಳಿದುಕೊಳ್ಳುತ್ತದೆ, ಹೆಚ್ಚಾದರೆ ಅಕ್ಷರ ಬಿಳಚಿಕೊಳ್ಳುತ್ತದೆ. ಯಂತ್ರದ ವೇಗ ಬದಲಾದರೆ ಹೊಂದಾಣಿಕೆಯೂ ಬದಲಾಗಬೇಕು. ಇಂಜಿನ್ನಿನಲ್ಲಿ ಅದೇ ಕತೆ ಗಾಳಿ ಮತ್ತು ಪೆಟ್ರೋಲಿನದು. ಶುದ್ಧ ಪೆಟ್ರೋಲಿನ ಒಂದು ಗ್ರಾಂ ಪೂರ್ತಿ ಉರಿಯಲು ಸುಮಾರು ೧೪.೭ ಗ್ರಾಂ ಗಾಳಿ ಬೇಕು. ಗಾಳಿ ಇದಕ್ಕಿಂತ ಹೆಚ್ಚಾದರೆ ಮಿಶ್ರಣ ತೆಳು, ಕಮ್ಮಿಯಾದರೆ ದಟ್ಟ.

ಈಗ ನಮ್ಮ ಬಂಕುಗಳಲ್ಲಿ ಸಿಗುವುದು ನೂರಕ್ಕೆ ಇಪ್ಪತ್ತು ಭಾಗ ಎಥನಾಲ್ ಬೆರೆತ ಪೆಟ್ರೋಲು. ಎಥನಾಲಿನ ಒಳಗೇ ಆಮ್ಲಜನಕ ಇರುವುದರಿಂದ ಅದಕ್ಕೆ ಹೊರಗಿನ ಗಾಳಿ ಕಮ್ಮಿ ಸಾಕು. ಈ ಮಿಶ್ರಣಕ್ಕೆ ಲೆಕ್ಕ ಸುಮಾರು ೧೩.೫ಕ್ಕೆ ಇಳಿಯುತ್ತದೆ. ಆದ್ದರಿಂದ ೧೪.೭ನ್ನೇ ಹಿಡಿದುಕೊಂಡು ಕೂತರೆ ಮೋಸ ಹೋಗುತ್ತೀರಿ. ತಿಳಿದವರು ಲ್ಯಾಂಬ್ಡಾ ಎಂಬ ಅಳತೆ ಬಳಸುತ್ತಾರೆ. ಇಂಧನ ಯಾವುದೇ ಆಗಿರಲಿ, ಗಾಳಿ ಸರಿಯಾಗಿ ಸಾಲುವಷ್ಟಿದ್ದರೆ ಲ್ಯಾಂಬ್ಡಾ ೧. ತೆಳುವಾದರೆ ಒಂದಕ್ಕಿಂತ ಮೇಲೆ, ದಟ್ಟವಾದರೆ ಒಂದಕ್ಕಿಂತ ಕೆಳಗೆ. ಪೂರ್ತಿ ಆಕ್ಸಿಲರೇಟರಿನಲ್ಲಿ ಹೆಚ್ಚು ಶಕ್ತಿ ಸಿಗುವುದು ಸುಮಾರು ೦.೮೬ರಿಂದ ೦.೯೦ರ ನಡುವೆ. ಹೆಚ್ಚುವರಿ ಪೆಟ್ರೋಲು ಆವಿಯಾಗುತ್ತಾ ಒಳಗನ್ನು ತಂಪಾಗಿಯೂ ಇಡುತ್ತದೆ. ಪೂರ್ತಿ ಭಾರದಲ್ಲಿ ಮಿಶ್ರಣ ತೆಳುವಾದರೆ ಶಾಖ ಏರುತ್ತದೆ, ಇಂಜಿನ್ ಕುಟ್ಟತೊಡಗುತ್ತದೆ, ಕೊನೆಗೆ ಪಿಸ್ಟನ್ ಕರಗುತ್ತದೆ. ನಮ್ಮ ಹುಡುಗನ ಬಿಳಿ ಪ್ಲಗ್ಗು ಹೇಳಿದ ಸಾಕ್ಷಿ ಇದೇ.

ಇಸಿಯು ಸರ್ವಜ್ಞನಲ್ಲ

ನನ್ನ ಕಾಲೇಜು ದಿನಗಳಲ್ಲಿ ಯಮಹಾ ಆರ್‌ಎಕ್ಸ್ ೧೦೦ ಎಂದರೆ ದೇವರು. ಮೈಸೂರಿನಲ್ಲಿ ೧೯೬೧ರಿಂದ ೧೯೯೬ರವರೆಗೆ ಜಾವಾ, ಯೆಜ್ಡಿ ಗಾಡಿಗಳು ತಯಾರಾದವು. ಆ ಗಾಡಿಗಳಿಗೆ ಸೈಲೆನ್ಸರ್ ಬದಲಿಸಿದರೆ ಕಾರ್ಬ್ಯುರೇಟರಿನ ಜೆಟ್ ಒಂದು ಸೈಜು ಏರಿಸುವುದು, ಸೂಜಿ ಒಂದು ಮೆಟ್ಟಿಲು ಎತ್ತುವುದು, ಪ್ಲಗ್ ಬಿಚ್ಚಿ ಬಣ್ಣ ನೋಡುವುದು. ಕಾಫಿ ಬಣ್ಣ ಬಂದರೆ ಸರಿ. ಕಣ್ಣು, ಕಿವಿ, ಮೂಗಿನಿಂದ ನಡೆಯುತ್ತಿದ್ದ ಕೆಲಸ.

ಆಮೇಲೆ ೨೦೦೭ರಲ್ಲಿ ಪಲ್ಸರ್ ೨೨೦, ೨೦೦೮ರಲ್ಲಿ ಯಮಹಾ ಆರ್೧೫ ಫ್ಯುಯಲ್ ಇಂಜೆಕ್ಷನ್ ಹೊತ್ತು ಬಂದವು. ೨೦೨೦ರ ಏಪ್ರಿಲ್ ೧ರಿಂದ ಬಿಎಸ್-೬ ನಿಯಮ ಜಾರಿಯಾದ ಮೇಲೆ ಹೊಸ ಬೈಕುಗಳಲ್ಲಿ ಕಾರ್ಬ್ಯುರೇಟರ್ ಹೆಚ್ಚುಕಡಿಮೆ ಕಣ್ಮರೆಯಾಯಿತು. ಈಗ ಜೆಟ್ ಜಾಗದಲ್ಲಿ ಇಂಜೆಕ್ಟರ್, ಮೆಕ್ಯಾನಿಕ್ಕಿನ ಕೈ ಜಾಗದಲ್ಲಿ ಇಸಿಯು ಎಂಬ ಪುಟ್ಟ ಕಂಪ್ಯೂಟರು.

ಈ ಇಸಿಯು ಒಳಗೆ ಒಂದು ಕೋಷ್ಟಕ ಇದೆ. ನಮ್ಮ ಬಾಯಿಪಾಠದ ಮಗ್ಗಿಯ ಹಾಗೆ. ಒಂದು ಕಡೆ ಇಂಜಿನ್ನಿನ ಸುತ್ತು, ಇನ್ನೊಂದು ಕಡೆ ಥ್ರಾಟಲ್ ಎಷ್ಟು ತೆರೆದಿದೆ ಅಥವಾ ಒಳಗಿನ ಗಾಳಿಯ ಒತ್ತಡ ಎಷ್ಟು ಎಂಬುದು. ಎರಡೂ ಸೇರುವ ಮನೆಯಲ್ಲಿ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿರಬೇಕು ಎಂಬ ಲೆಕ್ಕ. ಅದಕ್ಕೆ ಗಾಳಿಯ ಬಿಸಿ, ಇಂಜಿನ್ನಿನ ಬಿಸಿ, ಬ್ಯಾಟರಿಯ ವೋಲ್ಟೇಜು ನೋಡಿ ಸಣ್ಣ ತಿದ್ದುಪಡಿ. ಈ ಕೋಷ್ಟಕವನ್ನು ಕಂಪನಿಯವರು ತಮ್ಮ ಪಿಸ್ಟನ್ನಿಗೆ, ತಮ್ಮ ಫಿಲ್ಟರಿಗೆ, ತಮ್ಮ ಕೊಳವೆಗೆ ಬರೆದಿದ್ದಾರೆ. ನೀವು ಅದನ್ನೆಲ್ಲ ಬದಲಿಸಿದರೆ ಇಸಿಯುಗೆ ಯಾರು ಹೇಳಬೇಕು? ಗಾಳಿ ಹೆಚ್ಚು ಬರುತ್ತದೆ, ಪೆಟ್ರೋಲು ಹಳೆಯ ಲೆಕ್ಕದಲ್ಲೇ ಬೀಳುತ್ತದೆ.

"ಎಫ್‌ಐ ಗಾಡಿ, ತಾನೇ ಕಲಿತುಕೊಳ್ಳುತ್ತೆ ಗುರು" ಎಂದು ಹೇಳುವವರಿದ್ದಾರೆ. ಇದು ಅರ್ಧ ಸತ್ಯ. ಹೊಗೆಕೊಳವೆಯಲ್ಲಿ ಆಮ್ಲಜನಕದ ಸೆನ್ಸರ್ ಇರುತ್ತದೆ. ಗಾಡಿ ಐಡಲ್‌ನಲ್ಲಿ ನಿಂತಾಗ, ಹದವಾಗಿ ಓಡುವಾಗ ಇಸಿಯು ಅದರ ಮಾತು ಕೇಳಿ ಲ್ಯಾಂಬ್ಡಾ ಒಂದರ ಸುತ್ತ ಮಿಶ್ರಣ ಹಿಡಿಯುತ್ತದೆ. ಆದರೆ ನೀವು ಜೋರಾಗಿ ಆಕ್ಸಿಲರೇಟರ್ ತಿರುವಿದ ಕೂಡಲೇ ಅದರ ಮಾತು ಕೇಳುವುದನ್ನು ಬಿಟ್ಟು ಕೋಷ್ಟಕವನ್ನೇ ನಂಬುತ್ತದೆ. ಮಾಮೂಲಿ ಸೆನ್ಸರು ಒಂದಕ್ಕಿಂತ ಮೇಲೋ ಕೆಳಗೋ ಎಂದಷ್ಟೇ ಖಚಿತವಾಗಿ ಹೇಳಬಲ್ಲದು, ಎಷ್ಟು ಎಂದು ಹೇಳಲಾರದು. ಅಂದರೆ ಸಿಗ್ನಲ್ಲಿನಲ್ಲಿ ಚೆನ್ನಾಗಿರುವ ಗಾಡಿ ಹೈವೇಯಲ್ಲಿ ಕೈ ಕೊಡಬಹುದು. ನಮ್ಮ ಹುಡುಗನ ಗಾಡಿ ಊರೊಳಗೆ ಮೂರು ವಾರ ಹಾಲಿನ ಹಾಗೆ ಓಡಿತ್ತು.

ಲೆಕ್ಕ ಹಾಕಿ ನೋಡೋಣ

ಇಂಟರ್‌ಸೆಪ್ಟರಿನ ಬೋರು ೭೮ ಮಿಲಿಮೀಟರು, ಸ್ಟ್ರೋಕು ೬೭.೮. ಎರಡು ಸಿಲಿಂಡರು ಸೇರಿ ೬೪೮ ಸಿಸಿ. ಕಂಪ್ರೆಷನ್ ೯.೫ಕ್ಕೆ ೧. ಬೋರನ್ನು ೯೦ ಮಿಲಿಮೀಟರಿಗೆ ಏರಿಸಿದಿರಿ ಎನ್ನೋಣ. ಸುಮಾರು ೮೬೩ ಸಿಸಿ ಆಗುತ್ತದೆ. ಅಂದರೆ ನೂರಕ್ಕೆ ಮೂವತ್ತಮೂರು ಹೆಚ್ಚು ಗಾಳಿ, ಅಷ್ಟೇ ಹೆಚ್ಚು ಪೆಟ್ರೋಲು.

ಎರಡನೆಯದು. ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ ಹಿಂದಿನಷ್ಟೇ ಇದ್ದರೆ, ೯.೫ ಇದ್ದ ಕಂಪ್ರೆಷನ್ ೧೨ ದಾಟುತ್ತದೆ. ತಲೆ ಗುಳಿಯಾದ ಪಿಸ್ಟನ್ ಹಾಕಿ ಅದನ್ನು ಇಳಿಸಬೇಕು. ಇಲ್ಲವಾದರೆ ಕಿಡಿ ಹಾರುವ ಹೊತ್ತನ್ನು, ಅಂದರೆ ಟೈಮಿಂಗನ್ನು, ಹಿಂದಕ್ಕೆ ಸರಿಸಬೇಕು. ಪೆಟ್ರೋಲು ಮಾತ್ರ ತಿದ್ದುವ ಡಬ್ಬಿ ಟೈಮಿಂಗನ್ನು ಮುಟ್ಟುವುದಿಲ್ಲ. ಎರಡನ್ನೂ ತಿದ್ದುವ ಡಬ್ಬಿಗಳೂ ಇವೆ. ನಮ್ಮ ಬೆಂಗಳೂರಿನ ರೇಸ್ ಡೈನಾಮಿಕ್ಸ್‌ನವರ ಪವರ್‌ಟ್ರಾನಿಕ್ ಆ ಜಾತಿಯದು. ಇಸಿಯುವಿನ ಒಳಗಿನ ಬರಹವನ್ನೇ ಬದಲಿಸುವುದು ಇನ್ನೊಂದು ದಾರಿ. ಯಾವುದನ್ನೇ ಹಾಕಿ, ಡಬ್ಬಿ ಎಂದರೆ ಖಾಲಿ ಹಾಳೆ. ಬರೆಯುವವನ ಮೇಲೆ ಎಲ್ಲವೂ ನಿಂತಿದೆ.

ಮೂರನೆಯದು ಇಂಜೆಕ್ಟರಿನ ತಾಕತ್ತು. ೭೦೦೦ ಸುತ್ತಿನಲ್ಲಿ ಒಂದು ಪೂರ್ತಿ ಆವರ್ತ, ಅಂದರೆ ಎರಡು ಸುತ್ತು, ಮುಗಿಯಲು ಸಿಗುವ ಸಮಯ ಸುಮಾರು ೧೭ ಮಿಲಿಸೆಕೆಂಡು. ಮೊದಲು ಇಂಜೆಕ್ಟರ್ ೧೦ ಮಿಲಿಸೆಕೆಂಡು ತೆರೆದಿರುತ್ತಿತ್ತು ಎಂದುಕೊಳ್ಳಿ. ಈಗ ೧೩ಕ್ಕೂ ಮೇಲೆ ಬೇಕು. ನೂರಕ್ಕೆ ಎಂಬತ್ತರ ಹತ್ತಿರ ಬಂದಿರಿ. ಅದಕ್ಕಿಂತ ಮೇಲೆ ಹೋದರೆ ಮುಚ್ಚಿ ತೆರೆಯಲು ಪುರಸತ್ತೇ ಇರುವುದಿಲ್ಲ. ಆಗ ಮ್ಯಾಪಿನಲ್ಲಿ ಎಷ್ಟು ಬರೆದರೂ ಪೆಟ್ರೋಲು ಬೀಳುವುದಿಲ್ಲ, ದೊಡ್ಡ ಇಂಜೆಕ್ಟರೇ ಬೇಕು.

ನಮ್ಮ ಹುಡುಗನ ಡಬ್ಬಿಗೆ ಹಾಕಿದ್ದ ಮ್ಯಾಪು ಯಾವುದು ಗೊತ್ತೆ? ಬರೀ ಸೈಲೆನ್ಸರ್ ಬದಲಿಸಿದ, ಒಳಗೆ ಕಂಪನಿಯ ಪಿಸ್ಟನ್ನೇ ಇರುವ ಗಾಡಿಯದು. ಬೇರೆಯವರ ಮದುವೆಯ ಪ್ಲೇಟಿನಲ್ಲಿ ನಿಮ್ಮ ಮದುವೆಯ ಪತ್ರಿಕೆ ಅಚ್ಚು ಹಾಕಿದ ಹಾಗೆ!

ಸರಿಯಾದ ಕ್ರಮ

ಎರಡನೇ ಸಲ ಬೇರೊಬ್ಬ ಟ್ಯೂನರ್ ಬಳಿ ಹೋದೆವು. ಆತ ಮೊದಲ ದಿನ ಲ್ಯಾಪ್‌ಟಾಪು ತೆಗೆಯಲೇ ಇಲ್ಲ. ವಾಲ್ವ್ ಕ್ಲಿಯರೆನ್ಸ್ ನೋಡಿದ. ಹೊಸ ಪ್ಲಗ್ ಹಾಕಿದ. ಬ್ಯಾಟರಿ ಪರೀಕ್ಷಿಸಿದ, ಏಕೆಂದರೆ ವೋಲ್ಟೇಜು ಇಳಿದರೆ ಇಂಜೆಕ್ಟರ್ ತೆರೆಯುವುದು ತಡವಾಗುತ್ತದೆ. ಪೆಟ್ರೋಲಿನ ಒತ್ತಡ ಅಳೆದ. ಇಂಜಿನ್ನಿಗೂ ಥ್ರಾಟಲ್ ಬಾಡಿಗೂ ನಡುವಿನ ರಬ್ಬರಿನಲ್ಲಿ ಬಿರುಕು ಇದೆಯೇ ನೋಡಿದ. ಕೊನೆಗೆ ಹೊಗೆಕೊಳವೆಯ ಜಾಯಿಂಟುಗಳಲ್ಲಿ ಸೋರಿಕೆ ಹುಡುಕಿದ, ಒಂದು ಸಿಕ್ಕಿತು. ಸೆನ್ಸರಿಗಿಂತ ಮುಂಚೆ ಹೊಗೆ ಸೋರಿದರೆ ಅದೇ ಸಂದಿನಿಂದ ಹೊರಗಿನ ಗಾಳಿ ಒಳಗೂ ಸೇರುತ್ತದೆ. ಸೆನ್ಸರು "ತೆಳು, ತೆಳು" ಎಂದು ಸುಳ್ಳು ಹೇಳುತ್ತದೆ, ಇಸಿಯು ಪೆಟ್ರೋಲು ಸುರಿಯುತ್ತದೆ. ಪ್ರೂಫ್ ತಿದ್ದದೆ ಹತ್ತು ಸಾವಿರ ಪ್ರತಿ ಹೊಡೆಯುವ ಮುದ್ರಕ ಉಂಟೆ? ಯಂತ್ರ ಸರಿಯಿಲ್ಲದ ಗಾಡಿಗೆ ಮ್ಯಾಪ್ ಬರೆಯುವುದೂ ಅಷ್ಟೆ.

ಎರಡನೇ ದಿನ ಡೈನೊ. ಹಿಂದಿನ ಚಕ್ರವನ್ನು ಭಾರಿ ಉರುಳೆಯ ಮೇಲೆ ಕೂರಿಸಿ, ಗಾಡಿಯನ್ನು ಪಟ್ಟಿಯಿಂದ ಬಿಗಿದು, ಮುಂದೆ ದೊಡ್ಡ ಫ್ಯಾನು ಇಟ್ಟು ಓಡಿಸುವುದು. ಹೊಗೆಕೊಳವೆಗೆ ವೈಡ್‌ಬ್ಯಾಂಡ್ ಸೆನ್ಸರ್ ಹಾಕುತ್ತಾರೆ. ಇದು ಲ್ಯಾಂಬ್ಡಾ ಎಷ್ಟು ಎಂದು ಅಂಕೆಯಲ್ಲೇ ಹೇಳುತ್ತದೆ. ಥ್ರಾಟಲ್ಲನ್ನು ೫, ೧೦, ೨೦, ೪೦ ಹೀಗೆ ಹಿಡಿದು ಪ್ರತಿ ೫೦೦ ಸುತ್ತಿಗೆ ಒಂದು ಅಳತೆ. ಕೋಷ್ಟಕದ ಒಂದೊಂದೇ ಮನೆ ತುಂಬುವ ಕೆಲಸ. ಲೆಕ್ಕ ಮಾತ್ರ ಸುಲಭ. ಅಳೆದದ್ದನ್ನು ಬೇಕಾದದ್ದರಿಂದ ಭಾಗಿಸಿ. ಒಂದು ಮನೆಯಲ್ಲಿ ೦.೮೮ ಬೇಕು, ಮೀಟರು ೦.೯೮ ತೋರಿಸಿತು. ೦.೯೮ನ್ನು ೦.೮೮ರಿಂದ ಭಾಗಿಸಿದರೆ ೧.೧೧. ಅಂದರೆ ಆ ಮನೆಗೆ ನೂರಕ್ಕೆ ಹನ್ನೊಂದು ಹೆಚ್ಚು ಪೆಟ್ರೋಲು. ಬರೆದು, ಮತ್ತೆ ಓಡಿಸಿ, ಮತ್ತೆ ನೋಡುವುದು. ಹದವಾಗಿ ಓಡುವ ಮನೆಗಳಲ್ಲಿ ೧ರ ಹತ್ತಿರವೇ ಬಿಟ್ಟರೆ ಮೈಲೇಜು ಉಳಿಯುತ್ತದೆ. ಎಲ್ಲ ಕಡೆ ದಟ್ಟ ಮಾಡುವುದು ಸೋಮಾರಿಯ ಕೆಲಸ. ಪ್ಲಗ್ ಕಪ್ಪಾಗುತ್ತದೆ, ಪೆಟ್ರೋಲು ಆಯಿಲ್ಲಿಗೆ ಇಳಿದು ಸಿಲಿಂಡರ್ ಸವೆಯುತ್ತದೆ.

ಪೆಟ್ರೋಲು ಸರಿಯಾದ ಮೇಲೆ ಟೈಮಿಂಗು. ಹಿಂದಕ್ಕಿಟ್ಟ ಜಾಗದಿಂದ ಒಂದೊಂದೇ ಡಿಗ್ರಿ ಮುಂದೆ ಸರಿಸುತ್ತಾ ಹೋಗಬೇಕು. ಟಾರ್ಕ್ ಏರುವುದು ನಿಂತ ಜಾಗದಲ್ಲಿ ನಿಂತು ಒಂದೆರಡು ಡಿಗ್ರಿ ಹಿಂದಕ್ಕೆ ಬರಬೇಕು. ಅದಕ್ಕೂ ಮುಂಚೆ ಕುಟ್ಟುವ ಸದ್ದು ಬಂದರೆ ಅಲ್ಲೇ ಬಿಟ್ಟು ಹಿಂದೆ ಸರಿಯಬೇಕು. ಇಲ್ಲಿ ಆಸೆ ಪಟ್ಟವನೇ ಪಿಸ್ಟನ್ ಕಳೆದುಕೊಳ್ಳುವವನು.

ಕೊನೆಯದಾಗಿ, ತಟ್ಟನೆ ಆಕ್ಸಿಲರೇಟರ್ ಕೊಟ್ಟಾಗ ತಡವರಿಸುತ್ತದೆಯೇ, ಬೆಳಿಗ್ಗೆ ತಣ್ಣಗಿದ್ದಾಗ ಸ್ಟಾರ್ಟ್ ಆಗುತ್ತದೆಯೇ ನೋಡುವುದು. ಇದು ಡೈನೊ ಮೇಲೆ ಗೊತ್ತಾಗುವುದಿಲ್ಲ. ಒಂದು ರಾತ್ರಿ ಗಾಡಿ ಅಲ್ಲೇ ಬಿಡಬೇಕು. "ಅರ್ಧ ಗಂಟೇಲಿ ಆಗುತ್ತೆ" ಎನ್ನುವವನನ್ನು ನಂಬಬೇಡಿ.

ಎತ್ತರವೂ ಒಂದು ಲೆಕ್ಕ

ಬೆಂಗಳೂರು ಸಮುದ್ರಮಟ್ಟದಿಂದ ೯೦೦ ಮೀಟರಿಗೂ ಮೇಲಿದೆ. ಇಲ್ಲಿ ಗಾಳಿಯ ಒತ್ತಡ ಸುಮಾರು ೯೧ ಕಿಲೋಪ್ಯಾಸ್ಕಲ್, ಮಂಗಳೂರು, ಚೆನ್ನೈಗಳಲ್ಲಿ ೧೦೧. ಮುಳ್ಳಯ್ಯನಗಿರಿಯ ತುದಿಯಲ್ಲಿ ೮೦. ಇಲ್ಲಿ ಟ್ಯೂನ್ ಮಾಡಿಸಿ ಶಿರಾಡಿ ಘಾಟಿ ಇಳಿದರೆ ಪ್ರತಿ ಉಸಿರಿಗೂ ನೂರಕ್ಕೆ ಹತ್ತರಷ್ಟು ಹೆಚ್ಚು ಗಾಳಿ ಒಳಗೆ ಹೋಗುತ್ತದೆ. ಕಂಪನಿಯ ಇಸಿಯು ಒತ್ತಡ ನೋಡಿ ತಿದ್ದಿಕೊಳ್ಳುತ್ತದೆ. ಆದರೆ ಇಸಿಯುವನ್ನೇ ಕಿತ್ತು ಬೇರೆಯದು ಹಾಕಿ, ಒತ್ತಡದ ಸೆನ್ಸರ್ ಜೋಡಿಸದೆ ಬಿಟ್ಟರೆ, ಇಲ್ಲಿ ಸರಿಯಿದ್ದ ಗಾಡಿ ಕಡಲತೀರದಲ್ಲಿ ತೆಳುವಾಗುತ್ತದೆ. ಈ ಪ್ರಶ್ನೆ ಕೇಳದೆ ದುಡ್ಡು ಕೊಡಬೇಡಿ.

ಸದ್ದಿನ ಹುಚ್ಚು

ಈಗ ಕಹಿ ಮಾತು. ಆಕ್ಸಿಲರೇಟರ್ ಬಿಟ್ಟಾಗ ಸೈಲೆನ್ಸರಿನಲ್ಲಿ ಪಟಪಟ ಹಾರುವುದನ್ನು ಶಕ್ತಿ ಎಂದು ತಿಳಿದವರು ನಮ್ಮಲ್ಲಿ ಬಹಳ. ಒಳಗೆ ಉರಿಯಬೇಕಾದ ಪೆಟ್ರೋಲು ಹೊರಗೆ ಉರಿಯುತ್ತಿದೆ, ಅಷ್ಟೆ. ನಿಮ್ಮ ದುಡ್ಡು ಪಟಾಕಿಯಾಗುತ್ತಿದೆ. ಕೊಳವೆಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್ ವಿಷದ ಹೊಗೆಯನ್ನು ಕಮ್ಮಿ ಮಾಡುವ ಸಾಧನ. ಅದನ್ನು ಕಿತ್ತ ಗಾಡಿ ರಸ್ತೆಗೆ ಇಳಿಯುವುದು ಅಪರಾಧ. ೨೦೧೯ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯಿದೆಯ ೧೯೦ನೇ ಕಲಮಿನ ಪ್ರಕಾರ ಹೊಗೆ, ಸದ್ದಿನ ನಿಯಮ ಮೀರಿದರೆ ಮೊದಲ ಸಲಕ್ಕೇ ೧೦,೦೦೦ ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ೫೨ನೇ ಕಲಮಿನ ಪ್ರಕಾರ ಆರ್‌ಸಿಯಲ್ಲಿ ಬರೆದದ್ದಕ್ಕೆ ಹೊಂದದ ಹಾಗೆ ಇಂಜಿನ್ ಬದಲಿಸುವ ಹಾಗಿಲ್ಲ. ಅಪಘಾತವಾದರೆ ಇನ್ಶೂರೆನ್ಸಿನವರು ಕೈ ಎತ್ತಲು ನೀವೇ ಕಾರಣ ಕೊಟ್ಟಂತೆ. ಕಾನೂನು ಬಿಡಿ, ನಿಮ್ಮ ಬೀದಿಯಲ್ಲಿ ರಾತ್ರಿ ಹನ್ನೊಂದಕ್ಕೆ ಬೆಚ್ಚಿ ಏಳುವ ಕೂಸು ಯಾರದು? ನಮ್ಮದೇ ಮನೆಗಳದು.

ಆದ್ದರಿಂದ ನನ್ನ ಮಾತು ಇಷ್ಟು. ರಸ್ತೆಯ ಗಾಡಿಯನ್ನು ಕಂಪನಿ ಕೊಟ್ಟ ಹಾಗೆ ಇಟ್ಟುಕೊಳ್ಳಿ. ಶಕ್ತಿಯ ಆಸೆ ಇದ್ದರೆ ಟ್ರ್ಯಾಕಿಗೆ ಹೋಗಿ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಇದೆ, ಚೆನ್ನೈ ಬಳಿ ಇರುಂಗಾಟ್ಟುಕೋಟ್ಟೈಯಲ್ಲಿ ಟ್ರ್ಯಾಕ್ ಇದೆ. ನಮ್ಮ ಹುಡುಗ ಈಗ ಗಾಡಿಯನ್ನು ಟಾಟಾ ಏಸಿಗೆ ಹಾಕಿಕೊಂಡು ಅಲ್ಲಿಗೆ ಹೋಗುತ್ತಾನೆ. ಪ್ರೆಸ್ಸಿಗೆ ಬರುವುದು ಬಸ್ಸಿನಲ್ಲಿ.

ಐದು ಪ್ರಶ್ನೆ

ಟ್ಯೂನಿಂಗಿಗೆ ದುಡ್ಡು ಕೊಡುವ ಮುನ್ನ ಐದು ಪ್ರಶ್ನೆ ಕೇಳಿ. ಕನ್ನಡದಲ್ಲೇ ಕೇಳಿ.

ಒಂದು, ಈ ಮ್ಯಾಪು ನನ್ನ ಗಾಡಿಯ ಮೇಲೆ ಅಳೆದು ಬರೆದದ್ದೋ, ಇನ್ನೊಂದರಿಂದ ತಂದದ್ದೋ?

ಎರಡು, ಪೂರ್ತಿ ಆಕ್ಸಿಲರೇಟರಿನಲ್ಲಿ ಲ್ಯಾಂಬ್ಡಾ ಎಷ್ಟು? ಎರಡೂ ಸಿಲಿಂಡರನ್ನು ಬೇರೆ ಬೇರೆ ನೋಡಿದ್ದೀರಾ?

ಮೂರು, ಇಂಜೆಕ್ಟರ್ ನೂರಕ್ಕೆ ಎಷ್ಟು ಹೊತ್ತು ತೆರೆದಿದೆ?

ನಾಲ್ಕು, ಟೈಮಿಂಗ್ ಮುಟ್ಟಿದ್ದೀರಾ? ಎಷ್ಟು ಡಿಗ್ರಿ?

ಐದು, ಕೆಲಸಕ್ಕೆ ಮುಂಚಿನ ಗ್ರಾಫು ಎಲ್ಲಿ? ಒಂದೇ ಡೈನೊ, ಒಂದೇ ದಿನದ ಮುಂಚಿನದು ನಂತರದ್ದು ಪಕ್ಕಪಕ್ಕ ಇಡದೆ "ಎಂಟು ಕುದುರೆ ಏರಿತು" ಎನ್ನುವುದು ಬರಿ ಬಾಯಿಮಾತು. ಇಂಟರ್‌ಸೆಪ್ಟರಿಗೆ ಕಂಪನಿ ಹೇಳುವ ೪೭ ಅಶ್ವಶಕ್ತಿ ಇಂಜಿನ್ನಿನಲ್ಲಿ ಅಳೆದದ್ದು. ಚಕ್ರದಲ್ಲಿ ಅದಕ್ಕಿಂತ ಕಮ್ಮಿಯೇ ಬರುತ್ತದೆ. ಹಾಗೆಂದು ಹೆದರಬೇಕಿಲ್ಲ.

ಉತ್ತರ ಕೊಡಲು ಬಾರದವನಿಗೆ ನಿಮ್ಮ ಗಾಡಿ ಕೊಡಬೇಡಿ. ಉತ್ತರ ಬಂದು ಹೇಳಲು ಇಷ್ಟವಿಲ್ಲದವನಿಗಂತೂ ಕೊಡಲೇಬೇಡಿ. ಎರಡನೇ ಟ್ಯೂನರ್ ನಮಗೆ ಪರದೆಯ ಮೇಲಿನ ಒಂದೊಂದು ಗೆರೆಗೂ ಕನ್ನಡದಲ್ಲಿ ಅರ್ಥ ಹೇಳಿದ. ಪಿಯುಸಿಯ ನನಗೆ ಅರ್ಥವಾಯಿತು, ನಿಮಗೆ ಆಗದೆ? ಗ್ರಾಫಿನಲ್ಲಿ ಇರುವುದು ಎರಡು ಗೆರೆ, ಹತ್ತು ಅಂಕೆ. ಹುಡುಗ ಆ ಮೊದಲ ದಿನ "ಅಣ್ಣ, ಇದು ಏನು, ಕನ್ನಡದಲ್ಲಿ ಹೇಳಿ" ಎಂದು ಕೇಳಿದ್ದರೆ, ಮ್ಯಾಪು ಅವನ ಗಾಡಿಯದಲ್ಲ ಎಂಬುದು ಅಲ್ಲೇ ಬಯಲಾಗುತ್ತಿತ್ತು. ಆ ಒಂದು ನಾಚಿಕೆಯ ಬೆಲೆ ಎಪ್ಪತ್ತು ಸಾವಿರ. ಲಾರಿಯವನು ಬ್ರೇಕ್ ಹಾಕದಿದ್ದರೆ ಬೆಲೆ ಏನಾಗುತ್ತಿತ್ತು ಎಂದು ಅವನ ತಾಯಿಗೆ ನಾನು ಇನ್ನೂ ಹೇಳಿಲ್ಲ.

ಈ ಐದು ಪ್ರಶ್ನೆಗಳನ್ನು, ಟ್ಯೂನಿಂಗಿಗೆ ಮುಂಚೆ ನೋಡಬೇಕಾದ ಪಟ್ಟಿಯನ್ನು ಅವನೇ ಅಕ್ಷರ ಜೋಡಿಸಿ ಒಂದು ಹಾಳೆ ಮಾಡಿದ್ದಾನೆ. ನಾನು ಐನೂರು ಪ್ರತಿ ಅಚ್ಚು ಹಾಕಿದ್ದೇನೆ, ಕಾಸು ಬೇಡ. ಬಾಗಿಲ ಪಕ್ಕದ ಮೇಜಿನ ಮೇಲಿದೆ. ಒಂದು ನಿಮಗೆ, ಒಂದು ನಿಮ್ಮ ಮೆಕ್ಯಾನಿಕ್ಕಿಗೆ ತೆಗೆದುಕೊಂಡು ಹೋಗಿ. ತಪ್ಪು ಕಂಡರೆ ಪ್ರೆಸ್ಸಿಗೆ ಬಂದು ಹೇಳಿ, ಎರಡನೇ ಮುದ್ರಣದಲ್ಲಿ ತಿದ್ದುತ್ತೇವೆ.

ಹೆಲ್ಮೆಟ್ ಮರೆಯಬೇಡಿ.